ಕಡತಗಳಲ್ಲಿ ಪಾಠಭ್ರಂಶದ ಪರೀಕ್ಷೆ

ಪ್ರಾಚೀನ ಗ್ರಂಥವೊಂದರ ಓಲೆಯ ಪ್ರತಿಯು ಕೈಗೆ ಬಂದಾಗ ವಿದ್ವಾಂಸರು ಮೊದಲು ಕೇಳುವ ಪ್ರಶ್ನೆಗಳು ಸುವಿದಿತವಾಗಿವೆ. ಇದನ್ನು ಬರೆದವರಾರು, ಯಾವ ಮಾತೃಕೆಯನ್ನು ನೋಡಿ ಬರೆದರು, ಗರಿಗಳೆಷ್ಟು, ಅವುಗಳಲ್ಲಿ ಲುಪ್ತವಾದುವೆಷ್ಟು, ಲಿಪಿಕಾರನು ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹನು ಎಂಬಿವನ್ನು ವಿಚಾರಿಸದೆ ಅವರು ಒಂದು ಪಾಠವನ್ನಾದರೂ ಅಂಗೀಕರಿಸುವುದಿಲ್ಲ. ಅದೇ ಗ್ರಂಥವು ಕಂಪ್ಯೂಟರಿನ ಕಡತವಾಗಿ ಬಂದಿತೆಂದರೆ ಈ ಪ್ರಶ್ನೆಗಳೆಲ್ಲ ಹಿಂದೆ ಸರಿಯುವುವು. ಯಂತ್ರವು ಹಿಂದಿರುಗಿಸಿದುದು ಯಂತ್ರಕ್ಕೆ ಒಪ್ಪಿಸಿದುದೇ ಆಗಿರಬೇಕೆಂಬ ಭಾವನೆಯು ನಮ್ಮಲ್ಲಿ ಬೇರೂರಿದೆ. ಈ ಭಾವನೆಗೆ ಆಧಾರವುಂಟೆ? ಕಡತಗಳನ್ನು ಕಾಯುವ ವ್ಯವಸ್ಥೆಗಳು ಅವುಗಳಲ್ಲಿ ಉಂಟಾದ ಪಾಠಭ್ರಂಶವನ್ನು ಕಂಡುಹಿಡಿಯಬಲ್ಲುವೆ? ಅದನ್ನು ಪರೀಕ್ಷಿಸುವ ಕ್ರಮದಿಂದ ಸಿದ್ಧವಾಗುವುದೆಷ್ಟು, ಸಿದ್ಧವಾಗದೆ ಉಳಿಯುವುದೆಷ್ಟು? ಇವನ್ನು ಗ್ರಂಥಸಂಪಾದನಶಾಸ್ತ್ರದ ದೃಷ್ಟಿಯಿಂದ ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

1

ಕಡತವೆಂಬ ಶಬ್ದವು ನಮಗೆ ಹೊಸದಲ್ಲ. ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕಕ್ಕೆ ಈ ಹೆಸರು. ಶೃಂಗೇರಿ ಮಠದ ಕಡತಗಳು ಇತಿಹಾಸಜ್ಞರಿಗೆ ಪರಿಚಿತವಾದುವೇ. ಬಳಪದಿಂದ ಬರೆದುದನ್ನು ಒರಸಿ ಮರಳಿ ಬರೆಯಬಹುದಾದುದು ಕಡತದ ಗುಣವೂ ಹೌದು, ದೋಷವೂ ಹೌದು. ಕಂಪ್ಯೂಟರಿನ ಫೈಲಿಗೆ ಇದೇ ಹೆಸರು ರೂಢವಾದುದು ಅನ್ವರ್ಥವೇ ಆಗಿದೆ. ಏಕೆಂದರೆ ಅಲ್ಲಿಯೂ ಬರೆಹವು ಅಳಿಸತಕ್ಕದ್ದು, ಅಳಿಸಿದ ಗುರುತು ಉಳಿಯದು. ಇಂತಹ ಕಡತಗಳನ್ನು ಡಿಸ್ಕಿನಲ್ಲಿ ಎಲ್ಲೆಲ್ಲಿ ಇರಿಸಿದೆ, ಯಾವುದಕ್ಕೆ ಯಾವ ಹೆಸರು, ಯಾವುದರ ಅಳತೆ ಎಷ್ಟು ಎಂಬ ಲೆಕ್ಕವನ್ನು ಇಟ್ಟು, ಕೇಳಿದಾಗ ತೆಗೆದುಕೊಡುವ ಏರ್ಪಾಟನ್ನು ಕಡತವ್ಯವಸ್ಥೆಯೆಂದು ಕರೆಯುವೆವು. ಅದು ಭಂಡಾರದ ಪಾಲಕನಂತೆ.

ಡಿಸ್ಕಿನಲ್ಲಿ ಬರೆಹವು ಕೆಡುವುದು ಎರಡು ಬಗೆ. ಮೊದಲನೆಯದರಲ್ಲಿ ಡಿಸ್ಕೇ ಓದಲಾಗದೆಂದು ಹೇಳಿಬಿಡುವುದು. ಇದು ಹುಳು ತಿಂದ ಗರಿಯಂತೆ. ಲೋಪವು ಕಣ್ಣಿಗೆ ಕಾಣುವುದರಿಂದ ಮೋಸಹೋಗುವ ಭಯವಿಲ್ಲ. ಎರಡನೆಯದರಲ್ಲಿ ಡಿಸ್ಕು ಯಾವ ಸಂಶಯವನ್ನೂ ತೋರದೆ ಒಂದರ ಬದಲು ಇನ್ನೊಂದನ್ನು ಕೊಡುವುದು. ಬರೆದುದು ಬೇರೊಂದು ಸ್ಥಳದಲ್ಲಿ ಕುಳಿತಿರಬಹುದು. ಬರೆದೆನೆಂದು ಹೇಳಿ ಬರೆಯದೆ ಬಿಟ್ಟಿರಬಹುದು. ನಡುವಣ ಯಂತ್ರಭಾಗದಲ್ಲಿ ಒಂದು ಚಿಹ್ನೆಯು ಪಲ್ಲಟವಾಗಿರಬಹುದು. ಇದು ಲಿಪಿಕಾರನು ಒಂದಕ್ಷರದ ಸ್ಥಾನದಲ್ಲಿ ಮತ್ತೊಂದನ್ನು ಅಂದವಾಗಿ ಬರೆದಿಟ್ಟಂತೆ. ಈ ಮೌನದೋಷವು ಕೇವಲ ಊಹೆಯಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸಂಶೋಧಕರೂ ಅವರ ಸಹಕಾರಿಗಳೂ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 15,30,000 ಡಿಸ್ಕುಗಳನ್ನು 41 ತಿಂಗಳ ಕಾಲ ಗಮನಿಸಿ, ಇಟ್ಟುದಕ್ಕೂ ಓದಿದುದಕ್ಕೂ ತಾಳೆಯಾಗದ 4,00,000ಕ್ಕೂ ಹೆಚ್ಚು ಪ್ರಸಂಗಗಳನ್ನು ಎಣಿಸಿತು.

2

ಕನ್ನಡದ ಬರೆಹದಲ್ಲಿ ಈ ದೋಷವು ಯಾವ ರೂಪವನ್ನು ತಾಳುವುದೆಂಬುದನ್ನು ಪ್ರತ್ಯೇಕವಾಗಿ ನೋಡಬೇಕು. ಯೂನಿಕೋಡ್ ಸಂಕೇತದ ರೂಢಿಯ ಬರೆಹದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಸ್ವರಚಿಹ್ನೆಗೂ ಮೂರು ಬೈಟುಗಳು. ಬೈಟೊಂದಕ್ಕೆ ಸೊನ್ನೆ ಅಥವಾ ಒಂದು ಎಂಬ ಎಂಟು ಬಿಟ್‌ಗಳು. ಪಕಾರದ ಕೊನೆಯ ಬೈಟು 10101010, ಫಕಾರದ್ದು 10101011. ಎಂದರೆ ಕಟ್ಟಕಡೆಯ ಒಂದು ಬಿಟ್ ತಿರುಗಿದರೆ ಅಲ್ಪಪ್ರಾಣವು ಮಹಾಪ್ರಾಣವಾಗುವುದು. ಚ ಛ, ಜ ಝ, ತ ಥ, ದ ಧ, ಬ ಭ ಎಂಬ ಜೋಡಿಗಳಿಗೂ ಇದೇ ಸಂಬಂಧ. ರ ಱ, ಲ ಳ, ಶ ಷ, ಸ ಹ ಇವುಗಳಿಗೂ ನಡುವೆ ಇರುವ ಅಂತರವು ಆ ಒಂದೇ ಬಿಟ್. ಸ್ವರಚಿಹ್ನೆಗಳಲ್ಲಿ ಎತ್ವಕ್ಕೂ ಏತ್ವಕ್ಕೂ, ಒತ್ವಕ್ಕೂ ಓತ್ವಕ್ಕೂ ಹಾಗೆಯೇ.

ಹಸ್ತಪ್ರತಿಗಳನ್ನು ಓದಿ ಬಲ್ಲವರಿಗೆ ಈ ಪಟ್ಟಿಯು ಆಶ್ಚರ್ಯವನ್ನುಂಟುಮಾಡದಿರದು. ಹಳೆಯ ಓಲೆಗಳಲ್ಲಿ ಹ್ರಸ್ವ ದೀರ್ಘ ಎಕಾರ ಒಕಾರಗಳ ಭೇದವನ್ನು ಬರೆಯದೆ ಬಿಡುವುದು, ಅಲ್ಪಪ್ರಾಣ ಮಹಾಪ್ರಾಣಗಳು ಒಂದರಂತೊಂದು ತೋರುವುದು, ಈಚಿನ ಲಿಪಿಕಾರರು ಱಕಾರಕ್ಕೆ ರಕಾರವನ್ನು ಬರೆಯುವುದು ಇವೇ ಪದೇ ಪದೇ ಬರುವ ತೊಡಕುಗಳು. ಅಲ್ಲಿ ಕೈಯ ಮತ್ತು ಕಣ್ಣಿನ ಪ್ರಮಾದ. ಇಲ್ಲಿ ಸಂಕೇತಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದುದರ ಪರಿಣಾಮ. ಕಾರಣವು ಬೇರೆ, ಕಾರ್ಯವು ಒಂದೇ. ಕೊಡು ಎಂಬುದು ಕೋಡು ಆಗುವುದು, ಸರವು ಹರನಾಗುವನು, ಕಾಲವು ಕಾಳವಾಗುವುದು, ಕೂಗಿ ಕರೆಯುವುದು ಹಾಲು ಕಱೆಯುವುದಾಗುವುದು. ಇವೆಲ್ಲವೂ ನಿಘಂಟಿನಲ್ಲಿರುವ ಸಾಧುಶಬ್ದಗಳೇ ಆದುದರಿಂದ ಪದಪದವನ್ನು ನಿಘಂಟಿನೊಡನೆ ಹೋಲಿಸಿ ನೋಡುವ ಯಂತ್ರಕ್ಕೂ ಇಲ್ಲಿ ದೋಷವು ಕಾಣಿಸದು.

3

ಇಂತಹ ಮೌನದೋಷಕ್ಕೆ ನಮ್ಮ ಪ್ರಾಚೀನರು ಹೂಡಿದ್ದ ಉಪಾಯಗಳು ಮೂರು ವಿಧ. ಮೊದಲನೆಯದು ಬರೆಹದೊಳಗೇ ಅಡಗಿದ ನಿಯಮ. ಕಂದದ ಪಾದಗಳಿಗೆ ಕ್ರಮವಾಗಿ 12, 20, 12, 20 ಮಾತ್ರೆಗಳು. ಎತ್ವವು ಏತ್ವವಾದರೆ ಲಘುವು ಗುರುವಾಗಿ ಮಾತ್ರೆಯೊಂದು ಹೆಚ್ಚುವುದು. ಛಂದಸ್ಸು ಅದನ್ನು ಒಡನೆ ತೋರಿಸಿಕೊಡುವುದು. ದ್ವಿತೀಯಾಕ್ಷರಪ್ರಾಸದ ನಿಯಮವು ಆ ಸ್ಥಾನದ ವ್ಯಂಜನವನ್ನು ಕಾಯುವುದು; ರಕಾರ ಱಕಾರಗಳನ್ನು ಪ್ರಾಸಬಲದಿಂದ ನಿರ್ಣಯಿಸುವುದು ಸಂಪಾದಕರ ನಿತ್ಯದ ಕೆಲಸ. ಆದರೆ ಪ್ರಾಸಸ್ಥಾನದ ಹೊರಗೆ ಪಕಾರವು ಫಕಾರವಾದರೆ ಛಂದಸ್ಸೂ ಪ್ರಾಸವೂ ಎರಡೂ ಮೌನವಾಗಿರುವುವು. ಮೊದಲೇ ಗುರುವಾದ ಅಕ್ಷರದಲ್ಲಿ ಹ್ರಸ್ವವು ದೀರ್ಘವಾದರೂ ಮಾತ್ರೆಯ ಲೆಕ್ಕ ಕೆಡದು. ಗದ್ಯಕ್ಕಂತೂ ಈ ಕಾವಲೇ ಇಲ್ಲ. ಪಂಪಭಾರತದ ಪದ್ಯಕ್ಕೆ ದೊರೆಯುವ ಈ ಸಹಾಯವು 1949ರಲ್ಲಿ ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿ ಪ್ರಕಟಿಸಿದ ವಡ್ಡಾರಾಧನೆಯಂತಹ ಗದ್ಯಗ್ರಂಥಕ್ಕೆ ದೊರೆಯಲಾರದು.

ಎರಡನೆಯದು ಪುನರುಕ್ತಿ. ವೇದದ ಸಂಹಿತೆಗೆ ಪದಪಾಠ, ಕ್ರಮಪಾಠಗಳನ್ನೂ, ಪದಗಳನ್ನು ಮುಂದಕ್ಕೂ ಹಿಂದಕ್ಕೂ ಹೆಣೆಯುವ ಜಟೆ ಘನಗಳನ್ನೂ ಏರ್ಪಡಿಸಿದುದರಿಂದ ಒಂದೆಡೆಯ ಸ್ಖಾಲಿತ್ಯವು ಇನ್ನೊಂದೆಡೆಯ ಪಾಠದೊಡನೆ ವಿರೋಧಿಸಿ ಬಯಲಾಗುವುದು. ಮೂರನೆಯದು ಗ್ರಂಥದ ಹೊರಗಿರುವ ಸಾಕ್ಷಿ. ಅನುಕ್ರಮಣಿಗಳು ಸೂಕ್ತಗಳ ಮೊದಲ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸುಗಳನ್ನು ಸಂಹಿತೆಯಿಂದ ಬೇರೆಯಾಗಿ ಬರೆದಿಟ್ಟಿವೆ. ಆದುದರಿಂದ ಸಂಹಿತೆಗೆ ಬಂದ ಕೇಡು ಅವಕ್ಕೂ ಒಡನೆ ತಗಲುವುದಿಲ್ಲ. ವೈದಿಕರು ಆಧುನಿಕ ಯಂತ್ರವಿದ್ಯೆಯನ್ನು ಮೊದಲೇ ಬಲ್ಲವರಾಗಿದ್ದರೆಂದು ಇದರಿಂದ ಹೇಳಹೊರಟರೆ ಅದು ಅತಿಪ್ರಸಂಗವಾಗುವುದು. ಸಮಾನವಾದ ಸಂಕಟಕ್ಕೆ ಸಮಾನವಾದ ಉಪಾಯವು ಹೊಳೆಯಿತೆಂದಷ್ಟೇ ನಮ್ಮ ಅಭಿಪ್ರಾಯ.

4

ಈಗಿನ ಕಡತವ್ಯವಸ್ಥೆಗಳಲ್ಲಿ ಕೆಲವು ಮೂರನೆಯ ಉಪಾಯವನ್ನು ಕೈಗೊಂಡಿವೆ. ಬರೆಹದ ಒಂದೊಂದು ತುಂಡಿನಿಂದಲೂ ನಿಯತವಾದ ಗಣಿತದಿಂದ ಒಂದು ಸಂಖ್ಯೆಯನ್ನು ತೆಗೆದು ಬೇರೆ ಇಡುವರು. ಓದುವಾಗ ಮತ್ತೆ ಲೆಕ್ಕ ಹಾಕಿ ತಾಳೆ ನೋಡುವರು. ಇದನ್ನು ಚೆಕ್‌ಸಮ್ ಎನ್ನುವರು. ನಾವು ಸಾಕ್ಷಿಸಂಖ್ಯೆಯೆಂದು ಕರೆಯೋಣ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ನಿರ್ಮಿಸಿ 2005ರಲ್ಲಿ ಮೂಲಸಂಕೇತವನ್ನು ಬಹಿರಂಗಪಡಿಸಿದ ಜೆಡ್‌ಎಫ್‌ಎಸ್, 2009ರಲ್ಲಿ ಲಿನಕ್ಸಿಗೆ ಸೇರಿದ ಬಿಟಿಆರ್‌ಎಫ್‌ಎಸ್ ಇವೆರಡೂ ಬರೆಹಕ್ಕೇ ಸಾಕ್ಷಿಸಂಖ್ಯೆಯನ್ನು ಇಡುವುವು. ಜೆಡ್‌ಎಫ್‌ಎಸ್‌ನಲ್ಲಿ ತುಂಡಿನ ಸಾಕ್ಷಿಯು ಅದರ ಪಕ್ಕದಲ್ಲಿರದೆ ಅದನ್ನು ನಿರ್ದೇಶಿಸುವ ಮೇಲಣ ತುಂಡಿನಲ್ಲಿರುವುದು. ತಪ್ಪುಸ್ಥಳದಲ್ಲಿ ಕುಳಿತ ಬರೆಹವೂ ಬರೆಯದೆ ಬಿಟ್ಟ ಬರೆಹವೂ ಸಿಕ್ಕಿಬೀಳುವುದು ಈ ವಿಶೇಷದಿಂದಲೇ. ಲಿನಕ್ಸಿನಲ್ಲಿ ಬಹುಪ್ರಚಾರದಲ್ಲಿರುವ ಇಎಕ್ಸ್‌ಟಿ4 ವ್ಯವಸ್ಥೆಗೆ 2012ರಲ್ಲಿ ಸಾಕ್ಷಿಸಂಖ್ಯೆಯು ಬಂದಿತಾದರೂ ಅದು ಹೆಸರು, ಅಳತೆ, ಸ್ಥಾನಗಳ ಲೆಕ್ಕಕ್ಕೆ ಮಾತ್ರ, ಬರೆಹಕ್ಕಲ್ಲ. ಆಪಲ್ ಸಂಸ್ಥೆಯ ಎಪಿಎಫ್‌ಎಸ್‌ನ ಸ್ಥಿತಿಯೂ ಇದೇ. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ ಬರೆಹಕ್ಕೆ ಸಾಕ್ಷಿಸಂಖ್ಯೆಯಿಲ್ಲ. ಛಂದಸ್ಸು ಪದ್ಯದ ಚೌಕಟ್ಟನ್ನು ಕಾದು ಅಕ್ಷರವನ್ನು ಕಾಯದಿರುವಂತೆ ಇವು ಕಡತದ ಚೌಕಟ್ಟನ್ನು ಕಾದು ಪಾಠವನ್ನು ಬಿಟ್ಟಿವೆ.

ನಮ್ಮ ದರ್ಶನಗಳ ಪರಿಭಾಷೆಯಲ್ಲಿ ಹೇಳುವುದಾದರೆ, ಸಾಮಾನ್ಯವ್ಯವಸ್ಥೆಗಳು ಮೀಮಾಂಸಕರಂತೆ ಸ್ವತಃಪ್ರಾಮಾಣ್ಯವನ್ನು ನಂಬಿದವು. ಬಾಧಕವು ಕಾಣುವವರೆಗೂ ಓದಿದುದೆಲ್ಲ ಪ್ರಮಾಣ. ಸಾಕ್ಷಿಸಂಖ್ಯೆಯುಳ್ಳವು ನೈಯಾಯಿಕರಂತೆ ಪರತಃಪ್ರಾಮಾಣ್ಯವನ್ನು ಕೇಳುವುವು. ಓದಿದುದು ನಿಜವೆನ್ನಲು ಬೇರೊಂದು ಆಧಾರವು ಬೇಕು. ಹಾಗಾದರೆ ಆ ಆಧಾರಕ್ಕೆ ಆಧಾರವೇನೆಂಬ ಅನವಸ್ಥೆಯು ಬರುವುದಷ್ಟೆ? ಬರುವುದು ನಿಜ. ಜೆಡ್‌ಎಫ್‌ಎಸ್ ಇದನ್ನು ಮೇಲುಮೇಲಕ್ಕೆ ಒಯ್ದು ಕೊನೆಗೆ ಒಂದು ಮೂಲತುಂಡಿನಲ್ಲಿ ನಿಲ್ಲಿಸಿ, ಅದರ ಹಲವು ಪ್ರತಿಗಳನ್ನು ಡಿಸ್ಕಿನ ಬೇರೆ ಬೇರೆ ಸ್ಥಾನಗಳಲ್ಲಿಟ್ಟು ಪರಿಹರಿಸಿದೆ.

5

ಇನ್ನು ಪರೀಕ್ಷೆಯ ಕ್ರಮ. ಕಳೆದುಹೋದರೂ ಚಿಂತೆಯಿಲ್ಲದ ಡಿಸ್ಕೊಂದರಲ್ಲಿ ಗೊತ್ತಾದ ಬರೆಹವುಳ್ಳ ಕಡತವನ್ನು ಇಟ್ಟು, ವ್ಯವಸ್ಥೆಯನ್ನು ಡಿಸ್ಕಿನಿಂದ ಬಿಡಿಸಿ, ವ್ಯವಸ್ಥೆಗೆ ತಿಳಿಯದಂತೆ ನೇರವಾಗಿ ಡಿಸ್ಕಿನಲ್ಲಿಯೇ ಆ ಬರೆಹದ ಒಂದು ಬಿಟ್ಟನ್ನು ತಿರುಗಿಸಿ, ಮತ್ತೆ ಜೋಡಿಸಿ ಕಡತವನ್ನು ಓದಬೇಕು. ಇಎಕ್ಸ್‌ಟಿ4 ಕೆಟ್ಟ ಪಾಠವನ್ನು ನಿಶ್ಶಂಕೆಯಿಂದ ಕೊಡುವುದು. ಬಿಟಿಆರ್‌ಎಫ್‌ಎಸ್ ಬರೆಹದ ಒಂದೇ ಪ್ರತಿಯಿದ್ದರೆ ಓದಲಾಗದೆಂದು ನಿರಾಕರಿಸುವುದು. ಎರಡು ಪ್ರತಿಗಳಿದ್ದರೆ ಒಳ್ಳೆಯದನ್ನು ಕೊಟ್ಟು ಕೆಟ್ಟುದನ್ನು ತಿದ್ದಿಡುವುದು.

ಪರೀಕ್ಷೆಯು ಸರಳವಾಗಿ ತೋರಿದರೂ ಅದರಲ್ಲಿ ಮೂರು ಹೇತ್ವಾಭಾಸಗಳಿಗೆ ಅವಕಾಶವುಂಟು. ಮೊದಲನೆಯದು, ವ್ಯವಸ್ಥೆಯನ್ನು ಬಿಡಿಸದೆಯೇ ಓದುವುದು. ಈಚೆಗೆ ಬಳಸಿದ ಕಡತದ ಪಾಠವು ಯಂತ್ರದ ಸ್ಮೃತಿಯಲ್ಲಿ ಉಳಿದಿರುವುದರಿಂದ ಡಿಸ್ಕನ್ನು ನೋಡದೆಯೇ ಉತ್ತರವು ಬರುವುದು. ಪುಸ್ತಕವು ಕೆಟ್ಟಿದೆಯೇ ಎಂದು ತಿಳಿಯಲು ಪಾಠವನ್ನು ಕಂಠಸ್ಥ ಮಾಡಿದ ಶಿಷ್ಯನನ್ನು ಕೇಳಿದಂತೆ ಇದು. ಎರಡನೆಯದು, ಅತಿ ಸಣ್ಣ ಕಡತವನ್ನು ಆರಿಸಿಕೊಳ್ಳುವುದು. ಬಿಟಿಆರ್‌ಎಫ್‌ಎಸ್ ಸಾಮಾನ್ಯವಾಗಿ 2048 ಬೈಟುಗಳವರೆಗಿನ ಬರೆಹವನ್ನು ಲೆಕ್ಕದ ತುಂಡಿನೊಳಗೇ ಸೇರಿಸಿಬಿಡುವುದು. ಲೆಕ್ಕಕ್ಕೆ ಎರಡು ಪ್ರತಿಗಳನ್ನಿಡುವುದು ವಾಡಿಕೆಯಾದುದರಿಂದ ದೋಷವು ತಾನಾಗಿ ಪರಿಹಾರವಾದಂತೆ ಕಾಣುವುದು. ಎರಡು ಪುಟ ಬರೆಹದ ಕಡತಕ್ಕೆ ಈ ಭಾಗ್ಯವಿಲ್ಲ. ಸಣ್ಣದರಿಂದ ದೊಡ್ಡದನ್ನು ಅನುಮಾನಿಸಿದರೆ ವ್ಯಾಪ್ತಿಯು ಸಿದ್ಧಿಸದು. ಮೂರನೆಯದು, ಒಂದು ಬಗೆಯ ದೋಷವನ್ನು ಮಾತ್ರ ಹಾಕಿ ನೋಡಿ ಎಲ್ಲ ದೋಷಗಳಿಗೂ ತೀರ್ಪು ಕೊಡುವುದು. ಬಿಟ್ ತಿರುಗಿಸುವುದು ಒಂದು. ಒಂದು ತುಂಡನ್ನು ಇನ್ನೊಂದರ ಸ್ಥಾನದಲ್ಲಿ ಇಡುವುದು ಇನ್ನೊಂದು. ಹಳೆಯ ಪಾಠವನ್ನೇ ಹೊಸದರ ಸ್ಥಾನದಲ್ಲಿ ಉಳಿಸುವುದು ಮತ್ತೊಂದು. ಇವುಗಳಲ್ಲಿ ಕೊನೆಯ ಎರಡರಲ್ಲಿ ಅಕ್ಷರವೇನೂ ಕೆಟ್ಟಿರುವುದಿಲ್ಲ. ಗರಿಗಳ ಕ್ರಮವು ತಪ್ಪಿರುವುದು.

ಈ ಮೂರನೆಯ ಆಭಾಸವನ್ನು ಬಿಡಿಸಿದುದರಲ್ಲಿ ವಿಸ್ಕಾನ್ಸಿನ್ ಪಂಡಿತರ 2005ರ ಪ್ರಬಂಧವು ಶ್ಲಾಘ್ಯವಾದುದು. ಅವರು ದೋಷವನ್ನು ಕಣ್ಣುಮುಚ್ಚಿ ಹಾಕದೆ, ಇದು ಲೆಕ್ಕದ ತುಂಡು, ಇದು ಹೆಸರುಗಳ ಪಟ್ಟಿ, ಇದು ಬರೆಹ ಎಂದು ಜಾತಿಯನ್ನು ಅರಿತು ಒಂದೊಂದರಲ್ಲಿಯೂ ಬೇರೆಯಾಗಿ ಹಾಕಿ, ಅಂದು ಪ್ರಚಾರದಲ್ಲಿದ್ದ ನಾಲ್ಕು ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಒಂದೇ ವ್ಯವಸ್ಥೆಯು ಒಂದೇ ದೋಷವನ್ನು ಒಂದೆಡೆ ಹಿಡಿದು ಇನ್ನೊಂದೆಡೆ ಬಿಡುವುದು, ಹಿಡಿದರೂ ಮಾಡತಕ್ಕುದನ್ನು ಮಾಡದಿರುವುದು ಅವರಿಗೆ ಗೋಚರಿಸಿತು. ಆ ಪಂಡಿತವರ್ಗದ್ದೇ ಆದ 2010ರ ಮತ್ತೊಂದು ಪ್ರಬಂಧವು ಜೆಡ್‌ಎಫ್‌ಎಸ್ ಡಿಸ್ಕಿನ ದೋಷಗಳನ್ನು ಬಹುಮಟ್ಟಿಗೆ ಜಯಿಸಿದರೂ ಯಂತ್ರದ ಸ್ಮೃತಿಯಲ್ಲಿ ಉಂಟಾದ ದೋಷಕ್ಕೆ ಸೋಲುವುದೆಂದು ತೋರಿಸಿತು. ಕಾರಣವು ಸ್ಪಷ್ಟವಾದುದು. ಸಾಕ್ಷಿಸಂಖ್ಯೆಯನ್ನು ತೆಗೆಯುವುದಕ್ಕೆ ಮೊದಲೇ ಪಾಠವು ಕೆಟ್ಟರೆ ಸಾಕ್ಷಿಯು ಕೆಟ್ಟ ಪಾಠಕ್ಕೇ ಹುಟ್ಟುವುದು.

6

ಆದರೆ ಈ ಪರೀಕ್ಷೆಗಳಲ್ಲಿ ಕಂಡುಹಿಡಿಯುವ ಶಕ್ತಿಗೆ ದೊರೆತಿರುವಷ್ಟು ಗಮನವು ಕಂಡುಹಿಡಿದ ಮೇಲಣ ನಡತೆಗೆ ವಾಚಕನ ದೃಷ್ಟಿಯಿಂದ ದೊರೆತಿಲ್ಲವೆಂದು ನಮಗೆ ತೋರುವುದು. ಇಲ್ಲಿ ಸಂಪಾದನಶಾಸ್ತ್ರವು ಎರಡು ಆಕ್ಷೇಪಗಳನ್ನು ಎತ್ತಬಹುದು.

ಒಂದು, ನಿರಾಕರಣದ ವಿಷಯ. ಬಿಟಿಆರ್‌ಎಫ್‌ಎಸ್‌ನ ರೂಢಿಯ ತುಂಡು 4096 ಬೈಟುಗಳದು. ಕನ್ನಡದಲ್ಲಿ ಸುಮಾರು 1365 ಚಿಹ್ನೆಗಳು. ಜೆಡ್‌ಎಫ್‌ಎಸ್‌ನಲ್ಲಿ ದೊಡ್ಡ ಕಡತದ ತುಂಡು ವಾಡಿಕೆಯಂತೆ 1,31,072 ಬೈಟುಗಳದು. ಸುಮಾರು 43,690 ಚಿಹ್ನೆಗಳು. ಒಂದು ಬಿಟ್ ತಪ್ಪಿದರೆ ಇಷ್ಟನ್ನೂ ವ್ಯವಸ್ಥೆಯು ಓದುಗನಿಗೆ ಕೊಡದೆ ತಡೆಯುವುದು. ಹಣದ ಲೆಕ್ಕಕ್ಕೆ ಇದು ಉಚಿತವೇ ಇರಬಹುದು. ಗ್ರಂಥಕ್ಕೆ ಉಚಿತವಲ್ಲ. ಅಕ್ಷರವೊಂದು ಸಂದಿಗ್ಧವಾಯಿತೆಂದು ಯಾವ ಸಂಪಾದಕನೂ ಗರಿಗಳ ಕಟ್ಟನ್ನೇ ಎಸೆಯುವುದಿಲ್ಲ. ಪಾಠವನ್ನು ಅಚ್ಚುಮಾಡಿ ಸಂದೇಹದ ಚಿಹ್ನೆಯನ್ನು ಹಾಕುವನು. ಸಾವಿರ ಚಿಹ್ನೆಗಳಲ್ಲಿ ಒಂದು ತಪ್ಪಿದ್ದರೆ ಛಂದಸ್ಸು, ಪ್ರಾಸ, ಅರ್ಥೌಚಿತ್ಯಗಳ ಬಲದಿಂದ ಅದನ್ನು ತಿದ್ದಿಕೊಳ್ಳಬಲ್ಲವನಿಗೆ ಪೂರ್ಣಲೋಪಕ್ಕಿಂತ ಸಂದಿಗ್ಧಪಾಠವೇ ಮೇಲು. ವಿಶೇಷಪ್ರಯತ್ನದಿಂದ ತಡೆದ ಪಾಠವನ್ನು ಹೊರತೆಗೆಯುವ ಮಾರ್ಗಗಳುಂಟು. ಆದರೆ ಅವು ಯಂತ್ರವಿದ್ಯೆಯಲ್ಲಿ ನುರಿತವರಿಗೆ ಮಾತ್ರ.

ಎರಡು, ಮೌನಪರಿಷ್ಕಾರದ ವಿಷಯ. ಎರಡು ಪ್ರತಿಗಳಿದ್ದಲ್ಲಿ ವ್ಯವಸ್ಥೆಯು ಕೆಟ್ಟುದನ್ನು ತಿದ್ದಿ ಒಳ್ಳೆಯದನ್ನು ಕೊಡುವುದಷ್ಟೆ. ಓದುಗನಿಗೆ ಮಾತ್ರ ಏನನ್ನೂ ಹೇಳುವುದಿಲ್ಲ. ಘಟನೆಯು ಯಂತ್ರಪಾಲಕನ ದಿನಚರಿಯಲ್ಲಿ ದಾಖಲಾಗುವುದು. ಅದನ್ನು ಗ್ರಂಥಾಭ್ಯಾಸಿಯು ಓದುವುದಿಲ್ಲ. ಅಡಿಟಿಪ್ಪಣಿಯಿಲ್ಲದೆ ಪಾಠವನ್ನು ತಿದ್ದಿದ ಸಂಪಾದಕನನ್ನು ನಾವು ಆಕ್ಷೇಪಿಸುವೆವು. ಯಂತ್ರದ ತಿದ್ದುಪಡಿಯು ಊಹೆಯಲ್ಲ, ಸಾಕ್ಷಿಯಿಂದ ಸಮರ್ಥಿತವಾದುದು ಎಂಬುದು ನಿಜ. ಆದರೂ ಡಿಸ್ಕು ಕೆಡುತ್ತ ಬಂದಿದೆಯೆಂಬ ಸಂಗತಿಯನ್ನು ಗ್ರಂಥದ ಒಡೆಯನಿಂದ ಮರೆಸುವುದು ಯುಕ್ತವಲ್ಲ. ಆದುದರಿಂದ ಪರೀಕ್ಷೆಯು ದೋಷಜ್ಞಾನ, ಸ್ಥಾನನಿರ್ದೇಶ, ಪರಿಹಾರ, ನಿವೇದನ ಎಂಬ ನಾಲ್ಕನ್ನೂ ಬೇರೆ ಬೇರೆ ಎಣಿಸತಕ್ಕುದು. ಈಗಿನ ವ್ಯವಸ್ಥೆಗಳಲ್ಲಿ ಉತ್ತಮವಾದುವೂ ಮೊದಲ ಮೂರರಲ್ಲಿ ಗೆದ್ದು ನಾಲ್ಕನೆಯದರಲ್ಲಿ ಹಿಂದಾಗಿವೆ.

7

ಇಷ್ಟಾದರೂ ಪರೀಕ್ಷೆಯ ಎಲ್ಲೆಯನ್ನು ಮರೆಯಲಾಗದು. ಪ್ರತಿಯ ಕೊನೆಯಲ್ಲಿ ಲಿಪಿಕಾರರು, ಕಂಡಂತೆ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ನನ್ನ ದೋಷವಲ್ಲವೆಂದು ವಿಜ್ಞಾಪಿಸಿಕೊಳ್ಳುವ ವಾಡಿಕೆಯು ಎಲ್ಲರಿಗೂ ತಿಳಿದುದೇ. ಸಾಕ್ಷಿಸಂಖ್ಯೆಯು ಹೇಳುವುದೂ ಇದನ್ನೇ. ಲಿಪಿಕಾರನ ಮಾತಿಗೆ ಪ್ರಮಾಣವಿರಲಿಲ್ಲ, ಇದರ ಮಾತಿಗೆ ಪ್ರಮಾಣವುಂಟು ಎಂಬುದೊಂದೇ ಭೇದ. ಬೆರಳಚ್ಚು ಮಾಡುವವನು ಱಕಾರಕ್ಕೆ ರಕಾರವನ್ನು ಬಡಿದಿದ್ದರೆ, ಅಚ್ಚಿನ ಚಿತ್ರದಿಂದ ಅಕ್ಷರವನ್ನು ಗುರುತಿಸುವ ಯಂತ್ರವು ಧಕಾರವನ್ನು ದಕಾರವೆಂದು ಓದಿದ್ದರೆ, ಆ ತಪ್ಪನ್ನು ಸಾಕ್ಷಿಸಂಖ್ಯೆಯು ಒಂದು ಬಿಟ್ ಕೂಡ ಸವೆಯದಂತೆ ಚಿರಕಾಲ ಕಾಯುವುದು. ಯಥಾಪ್ರತಿತ್ವವು ಬೇರೆ, ಪಾಠಶುದ್ಧಿಯು ಬೇರೆ. ಮೊದಲನೆಯದನ್ನು ಯಂತ್ರಕ್ಕೆ ಒಪ್ಪಿಸಬಹುದು. ಎರಡನೆಯದು ವಿದ್ವಾಂಸರ ಹೊಣೆ.

ಆದರೆ ಮೊದಲನೆಯದಿಲ್ಲದೆ ಎರಡನೆಯದಕ್ಕೆ ನೆಲೆಯಿಲ್ಲ. ಬಿ. ಎಲ್. ರೈಸರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದಾಗ ಇದ್ದ ಕಲ್ಲುಗಳಲ್ಲಿ ಹಲವು ಊರು ಬೆಳೆದಂತೆ ಕಣ್ಮರೆಯಾದುವು. ಉಳಿದುವುಗಳನ್ನು ಮಿಥಿಕ್ ಸೊಸೈಟಿಯು ಈಚಿನ ವರ್ಷಗಳಲ್ಲಿ ಮೂರು ಆಯಾಮದ ಚಿತ್ರಗಳಾಗಿ ಸಂಗ್ರಹಿಸುತ್ತ ಬಂದಿರುವುದು ಸ್ತುತ್ಯವಾದ ಕಾರ್ಯ. ನಾಳೆ ಕಲ್ಲೊಂದು ಹೋದರೆ ಅದರ ಕಡತವೇ ಮೂಲಪ್ರತಿಯಾಗುವುದು. ತಾಳೆ ನೋಡಲು ಬೇರೇನೂ ಉಳಿಯದು. ಓಲೆಗಳ ಚಿತ್ರಗಳಿಗೂ ಇದೇ ಗತಿ. ಇನ್ನು ಎನ್. ಆರ್. ಕಾಲೋನಿ, ಬಸವನಗುಡಿ, ಚಾಮರಾಜಪೇಟೆಗಳ ಮನೆಮನೆಗಳಲ್ಲಿ ಅಧ್ಯಾಪಕರು ಆಯುಷ್ಯದ ದುಡಿಮೆಯಿಂದ ಬರೆದಿಟ್ಟ ಟಿಪ್ಪಣಿಗಳೂ ಪಾಠಗಳೂ ಸಾಮಾನ್ಯ ಕಂಪ್ಯೂಟರುಗಳಲ್ಲಿವೆ. ಅವುಗಳ ವ್ಯವಸ್ಥೆಯು ಬರೆಹಕ್ಕೆ ಸಾಕ್ಷಿಯಿಡದ ಜಾತಿಯದೇ ಆಗಿರುವುದು ಸಾಮಾನ್ಯ. ನಕಲು ತೆಗೆದರಾಯಿತಲ್ಲವೆ ಎಂದರೆ, ಸಾಕ್ಷಿಯಿಲ್ಲದ ಕೆಟ್ಟ ಪಾಠವನ್ನು ನಕಲು ಮಾಡಿದಾಗ ಒಳ್ಳೆಯ ಹಳೆಯ ನಕಲೂ ಅದರ ಕೆಳಗೆ ಹೂತುಹೋಗುವುದೆಂಬುದೇ ಉತ್ತರ.

ಆದುದರಿಂದ ಸಂಸ್ಥೆಗಳೂ ಸಂಪಾದಕರೂ ಕೈಗೊಳ್ಳಬೇಕಾದುದು ಮೂರು. ಸಾಕ್ಷಿಸಂಖ್ಯೆಯನ್ನು ಬರೆಹಕ್ಕೇ ಇಡುವ ವ್ಯವಸ್ಥೆಯಲ್ಲಿ, ಬೇರೆ ಬೇರೆ ಸ್ಥಳಗಳಲ್ಲಿ ಎರಡಕ್ಕೆ ಕಡಮೆಯಿಲ್ಲದ ಪ್ರತಿಗಳನ್ನಿರಿಸಿ, ಆ ವ್ಯವಸ್ಥೆಯನ್ನು ಮೇಲೆ ಹೇಳಿದ ಆಭಾಸಗಳಿಲ್ಲದಂತೆ ಒಮ್ಮೆ ಪರೀಕ್ಷಿಸುವುದು ಒಂದು. ನಿಯತಕಾಲದಲ್ಲಿ ಎಲ್ಲ ಕಡತಗಳನ್ನೂ ಆದ್ಯಂತವಾಗಿ ಓದಿಸುವುದು ಎರಡು. ಏಕೆಂದರೆ ಸಾಕ್ಷಿಯು ನುಡಿಯುವುದು ಓದಿದಾಗ ಮಾತ್ರ, ಪಾರಾಯಣವಿಲ್ಲದ ಗ್ರಂಥದ ಕೇಡು ಯಾರಿಗೂ ತಿಳಿಯದು. ಮೂರನೆಯದು ಸಂಪಾದಕರಿಗೆ ಸೇರಿದುದು. ಗ್ರಂಥದ ಪೀಠಿಕೆಯಲ್ಲಿ ಆಧಾರಪ್ರತಿಗಳನ್ನು ವಿವರಿಸುವಾಗ ಗರಿಗಳ ಸಂಖ್ಯೆ, ಉದ್ದ, ಅಗಲಗಳನ್ನು ಬರೆಯುವಂತೆಯೇ, ಕಡತವನ್ನು ಆಧಾರವಾಗಿ ಬಳಸಿದಲ್ಲಿ ಅದನ್ನು ಪಡೆದ ತೇದಿಯನ್ನೂ ಅದರ ಸಾಕ್ಷಿಸಂಖ್ಯೆಯನ್ನೂ ಅಚ್ಚುಮಾಡತಕ್ಕುದು. ಎಸ್‌ಎಚ್‌ಎ-256 ಎಂಬ ಕ್ರಮದಲ್ಲಿ ಇದು 64 ಚಿಹ್ನೆಗಳ ಒಂದು ಸಾಲು. ಎಷ್ಟು ದೊಡ್ಡ ಗ್ರಂಥಕ್ಕೂ ಇಷ್ಟೇ ಸಾಕು. ಕಾಗದದ ಮೇಲೆ ಅಚ್ಚಾದ ಆ ಸಾಲು ಕಡತದ ಹೊರಗಿರುವುದು. ಆದುದರಿಂದ ಕಡತಕ್ಕೆ ಬಂದ ಕೇಡು ಅದಕ್ಕೆ ತಗಲದು. ನೂರು ವರ್ಷಗಳ ಮೇಲೆ ಆ ಕಡತವನ್ನು ತೆರೆಯುವ ವಿದ್ಯಾರ್ಥಿಯು, ತನ್ನ ಮುಂದಿರುವುದು ಸಂಪಾದಕರು ಕಂಡ ಪಾಠವೇ ಅಲ್ಲವೇ ಎಂಬುದನ್ನು ಯಾರ ಮಾತನ್ನೂ ನಂಬದೆ ತಾನೇ ನಿರ್ಣಯಿಸಿಕೊಳ್ಳಬಲ್ಲನು.